ಟೈರ್ ಅಂಗಡಿ ಮೇಲಿನ ಕ್ಲಾಸು

ಟೈರ್ ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಅಕ್ಕ ಬೆಳೆದ ಮಕ್ಕಳನ್ನು ಅಳಿಸುತ್ತಿದ್ದಳು. ದೊಡ್ಡ ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂಗೆ ಇಲ್ಲಿ ತಯಾರಿ ಮಾಡಿಸಲಾಗುತ್ತದೆ ಎಂದು ಬಾಗಿಲ ಮೇಲಿನ ಬೋರ್ಡಿನಲ್ಲಿ ಬರೆದಿತ್ತು. ಅಳಿಸುವ ವಿಚಾರ ಬರೆದಿರಲಿಲ್ಲ. ಆದರೆ ಸೇರುವವರಿಗೆಲ್ಲ ಅದು ಗೊತ್ತಿತ್ತು, ಗೊತ್ತಿದ್ದೇ ಬರುತ್ತಿದ್ದರು.

ಅವಳ ಕ್ರಮ ಹೀಗಿತ್ತು. ಒಬ್ಬರನ್ನು ಬಿಳಿ ಬೋರ್ಡಿನ ಮುಂದೆ ನಿಲ್ಲಿಸುವಳು, ಉಳಿದವರನ್ನು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸುವಳು. ಒಂದು ಲೆಕ್ಕ ಕೊಡುವಳು. ನಿಂತವರು ಬಾಯಿ ತೆರೆದ ಕೂಡಲೇ ತಾನು ಮೊಬೈಲ್ ನೋಡತೊಡಗುವಳು. ನಡುವೆ ಆಕಳಿಸಿ, ಕಿಟಕಿಯ ಕಡೆ ತಿರುಗಿ, "ಹೂಂ, ಆಮೇಲೆ?" ಅನ್ನುವಳು. ಅವರು ಸರಿಯಾದದ್ದನ್ನೇ ಬರೆದಿದ್ದರೂ "ಖಾತ್ರಿನಾ?" ಎಂದು ಹುಬ್ಬೇರಿಸುವಳು. ಆ ಒಂದೇ ಮಾತಿಗೆ ಎಷ್ಟೋ ಜನ ಸರಿ ಇದ್ದದ್ದನ್ನು ಒರೆಸಿ, ತಪ್ಪು ಬರೆದು, ಕೆಳಗೆ ಗಾಳಿ ತುಂಬುವ ಯಂತ್ರ ಗುಡುಗಿದಾಗ ಬೆಚ್ಚಿ ಮಾರ್ಕರ್ ಕೆಳಗೆ ಬೀಳಿಸಿ, ಅಲ್ಲೇ ಮುಖ ಮುಚ್ಚಿಕೊಂಡಿದ್ದರು.

"ಅತ್ತು ಮುಗಿಸಿ, ಕಾಯ್ತೀನಿ," ಅನ್ನುತ್ತಿದ್ದಳು ಅಕ್ಕ. "ಇಲ್ಲಿ ಅತ್ತರೆ ಮುಖ ತೊಳ್ಕೊಂಡು ಬಂದು ಇನ್ನೊಂದು ಸಲ ಮಾಡಬಹುದು. ಅಲ್ಲಿ ಅತ್ತರೆ ಟಿಶ್ಯೂ ಕೊಟ್ಟು ಮನೆಗೆ ಕಳಿಸ್ತಾರೆ."

ಅಲ್ಲಿ ಏನಾಗುತ್ತದೆ ಎಂಬುದನ್ನು ಅವಳು ಅನುಭವಿಸಿಯೇ ತಿಳಿದಿದ್ದಳು. ಪಾರ್ಕಿಂಗ್ ಗೇಟುಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ದೊಡ್ಡ ಕಂಪನಿಗೆ ಮೂರು ಸಲ ಹೋಗಿ ಬಂದಿದ್ದಳು. ಮೊದಲ ಸಲ ಭಯಕ್ಕೆ ಸೋತಳು. ಎರಡನೇ ಸಲ ಅವಸರಕ್ಕೆ. ಮೂರನೇ ಸಲ ಯಾತಕ್ಕೆ ಎಂದು ಅವರೂ ಹೇಳಲಿಲ್ಲ, ಇವಳಿಗೂ ತಿಳಿಯಲಿಲ್ಲ. ಆಮೇಲೆ ಚಿಕ್ಕಪ್ಪನ ಮಗ ಇಂಟರ್‌ವ್ಯೂಗೆ ಹೊರಟಾಗ ತನಗೆ ಕೇಳಿದ್ದನ್ನೆಲ್ಲ ಅವನಿಗೆ ಉರು ಹೊಡೆಸಿದಳು. ಅವನು ಪಾಸಾದ. ಅವನ ಹಿಂದೆ ಅವನ ಸ್ನೇಹಿತರು ಬಂದರು, ಅವರ ಹಿಂದೆ ಅವರ ತಂಗಿಯರು. ಚಿಕ್ಕಪ್ಪನ ಮಗ ಅಕ್ಕ ಅಂದದ್ದಕ್ಕೆ ಎಲ್ಲರಿಗೂ ಅಕ್ಕನೇ ಆದಳು. ಗೇಟುಗಳ ಕೆಲಸ ಬಿಟ್ಟು ಈ ಕೋಣೆ ಹಿಡಿದಳು.

ಅಕ್ಕನ ಬಂಡವಾಳವೆಂದರೆ ಪ್ರಶ್ನೆಗಳು. ಇಂಟರ್‌ವ್ಯೂ ಮುಗಿಸಿ ಹೊರಬಿದ್ದ ಹುಡುಗರು ಬಸ್ಸಿನಲ್ಲಿ ಕೂತ ಕೂಡಲೇ ಅವಳಿಗೆ ಫೋನ್ ಮಾಡಿ ಏನು ಕೇಳಿದರು, ಹೇಗೆ ಕೇಳಿದರು, ಎಲ್ಲಿ ಮುಖ ಗಂಟಿಕ್ಕಿದರು ಎಂಬುದನ್ನೆಲ್ಲ ಬಿಸಿಬಿಸಿಯಾಗಿ ಒಪ್ಪಿಸಬೇಕಿತ್ತು. ಅಕ್ಕ ಒಂದನ್ನೂ ಬರೆದಿಡುತ್ತಿರಲಿಲ್ಲ, ಎಲ್ಲವೂ ತಲೆಯಲ್ಲೇ. ದೊಡ್ಡ ಕಂಪನಿಯವರು ಲೆಕ್ಕದಲ್ಲಿ ಬಸ್ಸಿನ ಜಾಗಕ್ಕೆ ವಿಮಾನ ಹಾಕಿದರೂ, ಮನೆಯ ಜಾಗಕ್ಕೆ ಗೋದಾಮು ಹಾಕಿದರೂ, "ವೇಷ ಬೇರೆ, ಆಸಾಮಿ ಅದೇ," ಎಂದು ಅವಳು ಗುರುತು ಹಿಡಿದುಬಿಡುತ್ತಿದ್ದಳು.

ಆದರೆ ಉತ್ತರ ಗೊತ್ತಿದ್ದರೆ ಸಾಲದು. ಮೊದಲೇ ನೋಡಿದ ಪ್ರಶ್ನೆಯಾದರೆ ಹೇಳಿಬಿಡಬೇಕು ಎಂಬುದು ಅಲ್ಲಿಯ ನಿಯಮ. ಹೇಳಿದರೆ ಬೇರೆ ಕೊಡುತ್ತಾರೆ. ಹಾಗಾಗಿ ಗೊತ್ತಿಲ್ಲದವರಂತೆ ಯೋಚಿಸುವುದನ್ನು ಅಕ್ಕ ಕಲಿಸುತ್ತಿದ್ದಳು. ಎಲ್ಲಿ ಸುಮ್ಮನಾಗಬೇಕು, ಎಲ್ಲಿ ಹಣೆ ಮುಟ್ಟಿಕೊಳ್ಳಬೇಕು, ಎಲ್ಲಿ ಬೇಕೆಂದೇ ಎಡವಬೇಕು. ಅವಳಿಗೆ ಪ್ರಿಯವಾದ ಲೆಕ್ಕವೊಂದಿತ್ತು: ನಿಲ್ದಾಣಕ್ಕೆ ಬಸ್ಸುಗಳು ಬರುವ ಹೊತ್ತು, ಹೊರಡುವ ಹೊತ್ತು ಕೊಟ್ಟಿರುತ್ತಾರೆ, ಯಾವ ಬಸ್ಸೂ ಕಾಯದ ಹಾಗೆ ಎಷ್ಟು ಪ್ಲಾಟ್‌ಫಾರ್ಮ್ ಬೇಕು ಎಂದು ಹೇಳಬೇಕು. ಒಂದು ಬಸ್ಸು ಹೊರಡುವ ಗಳಿಗೆಯಲ್ಲೇ ಇನ್ನೊಂದು ಬಂದರೆ ಏನು ಎಂಬುದು ಅದರಲ್ಲಿರುವ ಕೊಕ್ಕೆ. "ಅದನ್ನ ಮೊದಲು ಬಿಟ್ಟುಬಿಡಿ," ಅನ್ನುತ್ತಿದ್ದಳು ಅಕ್ಕ. "ಎರಡು ಸಾಲು ಮುಂದೆ ಹೋಗಿ. ಆಮೇಲೆ ನಿಲ್ಲಿ. ಹಣೆ ಮುಟ್ಕೊಳ್ಳಿ. 'ಒಂದು ನಿಮಿಷ, ಇಲ್ಲೊಂದು ಸಣ್ಣ ವಿಷಯ ಬಿಟ್ಟೆ' ಅನ್ನಿ. ತನ್ನ ತಪ್ಪು ತಾನೇ ಹಿಡಿಯೋರನ್ನ ಕಂಡ್ರೆ ಅವರಿಗೆ ಪ್ರಾಣ."

ಹೀಗೆ ಎಡವಿ ಎಡವಿ ಗೆದ್ದವರ ಫೋಟೋಗಳು ಗೋಡೆಯ ತುಂಬ ಇದ್ದವು. ಎಲ್ಲರೂ ಅದೇ ಗಾಜಿನ ಕಟ್ಟಡದ ಮುಂದೆ, ಕೊರಳಲ್ಲಿ ಗುರುತಿನ ಕಾರ್ಡು, ಹಲ್ಲು ಕಾಣುವ ನಗು.

ಆ ಗೋಡೆಯಲ್ಲಿ ಇಲಿಯೂ ಇದ್ದ. ಇಲಿ ಎಂದು ಹೆಸರಿಟ್ಟವಳು ಅಕ್ಕನೇ. ಮಾತಾಡುವಾಗ ಗದ್ದ ಎದೆಗೆ ಅಂಟಿಸಿಕೊಂಡು, ಪೆನ್ನಿನ ಮುಚ್ಚಳ ಕಡಿಯುತ್ತಾ ಕೂರುವ ಹುಡುಗ. ಅವನಷ್ಟು ಬೈಸಿಕೊಂಡವರು ಬೇರೆ ಯಾರೂ ಇಲ್ಲ. "ಏನಪ್ಪ ಇಲಿ, ಬಿಲದಿಂದ ಆಚೆ ಬಂದು ಮಾತಾಡ್ತೀಯೋ, ನಾವೇ ಒಳಗೆ ಬರಬೇಕೋ?" ಎಂದು ಅವಳು ಕೇಳಿದಾಗ ಕೋಣೆಯೆಲ್ಲ ನಗುತ್ತಿತ್ತು. ಇಲಿಯೂ ನಗುತ್ತಿದ್ದ. ವರ್ಷವಿಡೀ ನಕ್ಕ, ಪಾಸಾದ, ಫೋಟೋ ತಂದುಕೊಟ್ಟು ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಕ್ಕನಿಗೆ ಅದೇನೂ ವಿಶೇಷ ಅನ್ನಿಸಲಿಲ್ಲ. ಹೋದವರು ಯಾರೂ ತಲೆ ಹಾಕುತ್ತಿರಲಿಲ್ಲ.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಕನ್ನಡಕ ಮೇಲೆತ್ತಿ ಒಂದೊಂದೇ ಫೋಟೋ ನೋಡಿದ. ಕ್ಲಾಸು ನಡೆಯುತ್ತಿತ್ತು, ಎಲ್ಲರೂ ಕೂತಿದ್ದರು.

"ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದ.

"ನನ್ನದಿಲ್ಲ. ನಾನು ಕಲಿಸೋಳು."

"ಅದೇ ಕೇಳಿದೆ. ನೀವ್ಯಾಕೆ ಅಲ್ಲಿಲ್ಲ?"

ಅವನು ಚುಚ್ಚಬೇಕೆಂದು ಕೇಳಿದ್ದಲ್ಲ. ಮಗಳನ್ನು ಒಪ್ಪಿಸುವ ಮೊದಲು ಯಾವ ತಂದೆಯೂ ಕೇಳಬಹುದಾದ ಮಾತು. ಆದರೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ತಲೆ ತಗ್ಗಿಸಿ ಗಂಭೀರವಾಗಿದ್ದರು. ತಂದೆ ಮಗಳನ್ನು ಸೇರಿಸಿಯೇ ಹೋದ. ಅಕ್ಕ ಆ ದಿನ ಮಾಮೂಲಿಗಿಂತ ಬೇಗ ಕ್ಲಾಸು ಬಿಟ್ಟಳು.

ಆ ವಾರವೇ ದೊಡ್ಡ ಕಂಪನಿಗೆ ಅರ್ಜಿ ಹಾಕಿದಳು.

ಗಂಡನದು ಕನ್ನಡಕದ ಅಂಗಡಿ. ಮಾತು ಕಡಿಮೆ, ಊಟದ ಮೇಜಿನ ಮೇಲೂ ಯಾರದೋ ಫ್ರೇಮಿನ ಸ್ಕ್ರೂ ಬಿಗಿ ಮಾಡುತ್ತಾ ಕೂರುವ ಮನುಷ್ಯ. "ಮತ್ತೆ ಅಲ್ಲಿಗೆ ಹೋಗ್ತೀಯಾ?" ಎಂದ, ತಲೆಯೆತ್ತದೆ.

"ಯಾಕೆ, ಹೋಗಬಾರದಾ?"

"ಹಾಗಲ್ಲ. ಈಗ ಆರಾಮಾಗಿದ್ದೀಯಲ್ಲ, ಅಂದೆ."

ಟಿವಿ ಮುಂದೆ ಕೂತಿದ್ದ ಅತ್ತೆಯ ಕಿವಿ ನೆಟ್ಟಗಾಯಿತು. "ಪರೀಕ್ಷೆ ಬರೀತಾಳಂತಾ ಇವಳು? ಈ ವಯಸ್ಸಿಗೆ ನನಗೆ ಚಮಚ ಎಲ್ಲಿಟ್ಟೆ ಅನ್ನೋದೇ ನೆನಪಿರ್ತಿರಲಿಲ್ಲ."

"ಪರೀಕ್ಷೆ ಅಲ್ಲ ಅತ್ತೆ. ಎದುರು ಕೂತು ಮಾತಾಡೋದು."

"ಮಾತಾಡೋದಾ? ಹಾಗಾದ್ರೆ ಪಾಸಾದಳು ಬಿಡು," ಎಂದು ಅತ್ತೆ ಟಿವಿಯ ಶಬ್ದ ಜಾಸ್ತಿ ಮಾಡಿಕೊಂಡಳು.

ಫೋನಿನಲ್ಲಿ ನಡೆದ ಮೊದಲ ಸುತ್ತು ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಮುಖ್ಯ ಸುತ್ತುಗಳಿಗೆ ಕಟ್ಟಡಕ್ಕೇ ಬರಬೇಕೆಂದು ಕರೆ ಬಂತು. ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು ಹೋದಳು. ಕ್ಲಾಸಿಗೆ ರಜೆ ಕೊಟ್ಟಳು, ಕಾರಣ ಹೇಳಲಿಲ್ಲ.

ಕೆಳಗಿನ ಹಜಾರದಲ್ಲಿ ಎದೆಗೆ ಹೆಸರಿನ ಚೀಟಿ ಅಂಟಿಸಿದರು. ಇಡೀ ದಿನ ಅವಳನ್ನು ನೋಡಿಕೊಳ್ಳಲು ನೇಮಕದ ವಿಭಾಗದ ಒಬ್ಬ ಹುಡುಗಿ ಬಂದಳು. ನಗು ಮುಖದಿಂದ ಇಳಿಯುತ್ತಲೇ ಇರಲಿಲ್ಲ. "ಆರಾಮಾಗಿರಿ ಮೇಡಂ. ಇಲ್ಲಿ ಎಲ್ಲರೂ ತುಂಬಾ ಒಳ್ಳೆಯವರು. ಒಂದೇ ವಿಷಯ, ಮೊದಲೇ ನೋಡಿರೋ ಲೆಕ್ಕ ಬಂದ್ರೆ ದಯವಿಟ್ಟು ಹೇಳಿಬಿಡಿ." ಕೋಣೆಗಳಿಗೆಲ್ಲ ಹಕ್ಕಿಗಳ ಹೆಸರು. ಗಾಜಿನ ಗೋಡೆ, ಒಳಗೆ ಒಂದು ಮೇಜು, ಒಂದು ಬಿಳಿ ಬೋರ್ಡು, ಯಾರೋ ಅರ್ಧ ಒರೆಸಿ ಬಿಟ್ಟ ಬಾಣದ ಗುರುತುಗಳು.

ಮೊದಲ ಕೋಣೆಯಲ್ಲಿ ಬೋಳುತಲೆಯ ಒಬ್ಬ ಇಂಜಿನಿಯರ್. ಲೆಕ್ಕ ಓದಿ ಹೇಳಿದ. ಅಕ್ಕನಿಗೆ ಅದು ಮೊದಲ ಸಾಲಿಗೇ ಗೊತ್ತಾಯಿತು. ಕ್ಲಾಸಿನಲ್ಲಿ ಎಂದೂ ಹೇಳಿಕೊಡದ ಮಾತನ್ನು ಆ ಹೊತ್ತಿಗೆ ಅವಳು ಯಾಕೆ ಹೇಳಿದಳೋ. ಈ ಸಲ ಶುದ್ಧವಾಗಿ ಗೆಲ್ಲಬೇಕು ಎಂಬ ಆಸೆ ಇದ್ದಿರಬೇಕು. "ಇದು ನಂಗೆ ಗೊತ್ತಿರೋ ಲೆಕ್ಕ ಸರ್," ಎಂದಳು.

ಅವನು ಮೆಚ್ಚುಗೆಯಿಂದ ತಲೆಯಾಡಿಸಿ ಇನ್ನೊಂದು ಕೊಟ್ಟ.

"ಇದೂ ಗೊತ್ತು."

ಮೂರನೆಯದು ಕೊಟ್ಟ. ಅದೂ ಗೊತ್ತೆಂಬಂತೆ ಅವಳು ಅವನನ್ನು ನೋಡಿದಳು. ಅವನ ಮುಖದ ಮೆಚ್ಚುಗೆ ಹೋಗಿ ಕಿರಿಕಿರಿ ಬಂದಿತ್ತು.

"ಎಲ್ಲಾ ಗೊತ್ತಿದ್ರೆ ನಾನೇನು ಕೇಳ್ಲಿ?" ಎಂದ. ಇದ್ದ ಪ್ರಶ್ನೆಗಳು ಮುಗಿದವೋ, ತಾಳ್ಮೆ ಮುಗಿಯಿತೋ, ಉಳಿದ ಹೊತ್ತೆಲ್ಲ ಪಾರ್ಕಿಂಗ್ ಗೇಟುಗಳ ಬಗ್ಗೆ ಕೇಳಿದ. ಗೇಟು ಎಷ್ಟು ಎತ್ತರ ಏಳುತ್ತದೆ ಎಂದು ಕೇಳಿದ. ಕೇಳುತ್ತಾ ತನ್ನ ಮೊಬೈಲ್ ನೋಡುತ್ತಿದ್ದ. ಆಕಳಿಸಿದ. ಅವನದು ಕಲಿತ ಆಕಳಿಕೆಯಲ್ಲ, ನಿಜವಾಗಿಯೇ ಬೇಸರವಾಗಿತ್ತು.

ಶೌಚಾಲಯದ ಕನ್ನಡಿಯ ಮುಂದೆ ಅಕ್ಕ ಮುಖಕ್ಕೆ ನೀರು ಹಾಕಿಕೊಂಡಳು. ನಿಜ ಹೇಳಿದ್ದಕ್ಕೆ ಒಂದು ಸುತ್ತು ಕೈತಪ್ಪಿತ್ತು. ಇನ್ನು ತಾನು ಕಲಿಸಿದ್ದನ್ನೇ ತಾನು ಮಾಡುವುದೆಂದು ನಿಶ್ಚಯಿಸಿ ಹೊರಬಂದಳು.

ಎರಡನೇ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬಳು ಏಸಿಯ ಚಳಿಗೆ ಸ್ವೆಟರ್ ಹಾಕಿಕೊಂಡ ಹಿರಿಯ ಹೆಂಗಸು. ಇನ್ನೊಬ್ಬ ಇಲಿ.

ಮೈ ತುಂಬಿಕೊಂಡಿದ್ದ, ಕೂದಲು ಹಿಂದಕ್ಕೆ ಬಾಚಿದ್ದ. ಅವಳನ್ನು ಕಂಡು ಲ್ಯಾಪ್‌ಟಾಪಿನ ಮೇಲಿದ್ದ ಅವನ ಕೈ ನಿಂತಿತು. "ನಮಸ್ಕಾರ," ಎಂದ. ಅವಳ ಹಣೆ ನೋಡಿಕೊಂಡು ಹೇಳಿದ.

"ಪ್ರಶ್ನೆ ಇವರು ಕೇಳ್ತಾರೆ. ನಾನು ಸುಮ್ನೆ ನೋಡೋದಕ್ಕೆ ಬಂದಿದೀನಿ," ಎಂದಳು ಸ್ವೆಟರಿನವಳು. "ನಿಮ್ಮಿಬ್ಬರಿಗೂ ಪರಿಚಯ ಇಲ್ಲ ತಾನೆ? ಕೇಳಬೇಕು ಅಂತ ನಿಯಮ ಇದೆ, ಅದಕ್ಕೆ."

ಅಕ್ಕ ಇಲಿಯನ್ನು ನೋಡಿದಳು.

"ಇಲ್ಲ," ಎಂದ ಇಲಿ.

"ಇಲ್ಲ," ಎಂದಳು ಅಕ್ಕ.

ಅವನು ಗಂಟಲು ಸರಿಮಾಡಿಕೊಂಡು ಲೆಕ್ಕ ಓದಿದ. ನಿಲ್ದಾಣ, ಬಸ್ಸುಗಳು, ಬರುವ ಹೊತ್ತು, ಹೊರಡುವ ಹೊತ್ತು. ಅಕ್ಕನ ಎದೆ ಹಗುರವಾಯಿತು. ಹುಡುಗ ಮರೆತಿಲ್ಲ, ಗುರುದಕ್ಷಿಣೆ ಕೊಡುತ್ತಿದ್ದಾನೆ ಅಂದುಕೊಂಡಳು. ಅಷ್ಟು ಬೈದದ್ದಕ್ಕೆ ಮೊದಲ ಬಾರಿಗೆ ಸ್ವಲ್ಪ ಪಶ್ಚಾತ್ತಾಪವೂ ಆಯಿತು.

ಎದ್ದು ಬೋರ್ಡಿನ ಮುಂದೆ ನಿಂತಳು. ಇಷ್ಟು ವರ್ಷ ಬೇರೆಯವರಿಂದ ಮಾಡಿಸಿದ್ದನ್ನು ತಾನೇ ಮಾಡಿದಳು, ಯಾರೂ ಮಾಡದಷ್ಟು ಚೆನ್ನಾಗಿ. ಸುಮ್ಮನಾಗಬೇಕಾದಲ್ಲಿ ಸುಮ್ಮನಾದಳು. ಒಂದು ಚಿಕ್ಕ ಚಿತ್ರ ಬರೆದು ಒರೆಸಿದಳು. ಕೊಕ್ಕೆಯ ಜಾಗ ಬಂದಾಗ ಬಿಟ್ಟು ಎರಡು ಸಾಲು ಮುಂದೆ ಹೋದಳು. ನಿಂತಳು. ಹಣೆ ಮುಟ್ಟಿಕೊಂಡಳು.

"ಒಂದು ನಿಮಿಷ, ಇಲ್ಲೊಂದು ಸಣ್ಣ ವಿಷಯ ಬಿಟ್ಟೆ."

ಸ್ವೆಟರಿನವಳು ಮೆಲ್ಲಗೆ ನಕ್ಕಳು. ಕೋಪದ ನಗುವಲ್ಲ, ಎಲ್ಲೋ ಕೇಳಿದ ಹಾಡು ಮತ್ತೆ ಕಿವಿಗೆ ಬಿದ್ದಂಥ ನಗು.

"ಇದನ್ನ ನಾನು ಮೊದಲೂ ನೋಡಿದ್ದೀನಿ," ಎಂದಳು. "ಇದೇ ಜಾಗ, ಇದೇ ಮಾತು. ಹಣೆ ಮುಟ್ಕೊಳ್ಳೋದೂ ಅದೇ. ಎಷ್ಟು ಜನ ಮಾಡಿದಾರೆ ಅಂದ್ರೆ ನಾವು ಊಟಕ್ಕೆ ಕೂತಾಗ ಇದನ್ನ ಮಾಡಿ ನಗ್ತೀವಿ." ಆಮೇಲೆ ನಗು ನಿಲ್ಲಿಸಿದಳು. "ಈ ಲೆಕ್ಕ ನೀವು ಮೊದಲು ನೋಡಿದ್ದೀರಾ?"

"ಇಲ್ಲ," ಎಂದಳು ಅಕ್ಕ.

ಸ್ವೆಟರಿನವಳು ಪಕ್ಕಕ್ಕೆ ತಿರುಗಿದಳು. "ನಿಮಗೇನನ್ಸುತ್ತೆ?"

ಇಲಿಯ ಕಿವಿ ಕೆಂಪಾಗಿತ್ತು. ಅವನೂ ಇದೇ ಕಟ್ಟಡದಲ್ಲಿ, ಇದೇ ಲೆಕ್ಕಕ್ಕೆ, ಇದೇ ಮಾತು ಹೇಳಿ ಒಳಗೆ ಬಂದವನು. ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದ, ಹಾಕಿದ. ಗದ್ದ ಎದೆಗೆ ತಾಗಲಿಲ್ಲ. ತಲೆಯೆತ್ತಿ, ಸ್ಪಷ್ಟವಾಗಿ, ಅಕ್ಕ ವರ್ಷವಿಡೀ ಹೇಳಿಕೊಟ್ಟ ಹಾಗೆಯೇ ಮಾತಾಡಿದ.

"ನೋಡಿದಾರೆ ಅನ್ಸುತ್ತೆ ಮೇಡಂ. ಎಡವಿದ್ದು ನಟನೆ."

ಅಕ್ಕ ಮಾರ್ಕರ್ ಹಿಡಿದು ನಿಂತೇ ಇದ್ದಳು. ಹೊರಗೆ ಗಾಜಿನಾಚೆ ಯಾರೋ ಕಾಫಿ ಲೋಟ ಹಿಡಿದು ನಗುತ್ತಾ ಹಾದುಹೋದರು. ಕಳಿಸಿಬಿಡುತ್ತಾರೆ ಅಂದುಕೊಂಡಳು. ಕಳಿಸಿದ್ದರೆ ಒಳ್ಳೆಯದಿತ್ತು.

"ಇರಲಿ, ಹೊತ್ತು ಇದೆಯಲ್ಲ. ಬೇರೆ ಕೊಡ್ತೀನಿ. ಇದು ನಾನೇ ಮಾಡಿದ್ದು, ಇನ್ನೂ ಯಾರಿಗೂ ಕೊಟ್ಟಿಲ್ಲ," ಎಂದಳು ಸ್ವೆಟರಿನವಳು. "ಒಂದು ಕಟ್ಟಡದ ಕಿಟಕಿಗಳಲ್ಲಿ ದೀಪ ಒಂದರ ನಂತರ ಒಂದು ಹತ್ತುತ್ತೆ. ಬೀದೀಲಿ ಬೇರೆ ಬೇರೆ ಕಡೆ ಕಾವಲುಗಾರರಿದ್ದಾರೆ. ಒಬ್ಬೊಬ್ಬರಿಗೂ ಕೆಲವೇ ಕಿಟಕಿ ಕಾಣೋದು. ತಾವು ಕಂಡದ್ದು ಯಾವ ಕ್ರಮದಲ್ಲಿ ಹತ್ತಿತು ಅಂತ ಎಲ್ಲರೂ ಹೇಳ್ತಾರೆ. ಅದರಲ್ಲಿ ಒಬ್ಬ ಮಾತ್ರ ಸುಳ್ಳು ಹೇಳಿದ್ದಾನೆ. ಯಾರು?"

ಅಕ್ಕ ತಲೆಯೊಳಗೆ ಹುಡುಕಿದಳು. ಯಾವ ವೇಷ, ಯಾವ ಆಸಾಮಿ? ಏನೂ ಸಿಗಲಿಲ್ಲ. ಎಷ್ಟೋ ವರ್ಷಗಳ ನಂತರ ತನಗೆ ಗೊತ್ತಿಲ್ಲದ ಪ್ರಶ್ನೆಯೊಂದರ ಮುಂದೆ ನಿಂತಿದ್ದಳು. ಮೊದಲ ಸಲ ಇಲ್ಲಿಗೆ ಬಂದಾಗ ನಿಂತ ಹಾಗೆಯೇ.

ಕಿಟಕಿಗೊಂದರಂತೆ ಚುಕ್ಕಿ ಇಟ್ಟಳು. ಇದು ಮೊದಲು, ಅದು ಆಮೇಲೆ ಎಂದು ಬಾಣ ಎಳೆದಳು. ಎಲ್ಲರೂ ನಿಜ ಹೇಳಿದ್ದರೆ ಬಾಣಗಳೆಲ್ಲ ಮುಂದಕ್ಕೇ ಹೋಗಬೇಕು. ಸುಳ್ಳು ಸೇರಿದ್ದರೆ ಎಲ್ಲೋ ಒಂದು ಕಡೆ ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತವೆ. ಅಷ್ಟು ಹೊಳೆಯುವುದಕ್ಕೇ ಬಹಳ ಹೊತ್ತಾಯಿತು. "ಸುತ್ತನ್ನ ಮುಚ್ಚೋ ಕೊನೇ ಬಾಣ ಯಾರದೋ, ಅವನೇ ಸುಳ್ಳುಗಾರ," ಎಂದು ಬರೆದಳು. ಬರೆದ ಮೇಲೆ ಬೇರೆ ಚುಕ್ಕಿಯಿಂದ ಹೊರಟು ನೋಡಿದಳು. ಈಗ ಕೊನೇ ಬಾಣ ಇನ್ನೊಬ್ಬನದಾಗಿತ್ತು. ಮತ್ತೊಂದು ಕಡೆಯಿಂದ ಹೊರಟರೆ ಮತ್ತೊಬ್ಬ. ನಿರಪರಾಧಿಗಳೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬೀಳುತ್ತಿದ್ದರು.

"ಇಲ್ಲ ಇಲ್ಲ," ಎಂದು ತನ್ನಷ್ಟಕ್ಕೇ ಅಂದುಕೊಂಡು ಅಂಗೈಯಲ್ಲೇ ಒರೆಸಿದಳು. ಕೈಯೆಲ್ಲ ನೀಲಿಯಾಯಿತು. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಎದುರು ಕೂತವರು ಮರೆತೇ ಹೋದರು.

ಆಗ ಹೊಳೆಯಿತು. ಸುಳ್ಳುಗಾರ ಒಬ್ಬನೇ ಆದ್ದರಿಂದ ಯಾವ ಸುತ್ತು ಹಿಡಿದರೂ ಅದರೊಳಗೆ ಅವನು ಇರಲೇಬೇಕು. ಊರ ಕಾವಲುಗಾರರನ್ನೆಲ್ಲ ಅನುಮಾನಿಸಬೇಕಿಲ್ಲ. ಒಂದೇ ಒಂದು ಸುತ್ತು ಹುಡುಕಿ, ಅದರಲ್ಲಿ ಬಂದವರನ್ನಷ್ಟೇ ಒಬ್ಬೊಬ್ಬರಾಗಿ ಹೊರಗಿಟ್ಟು ನೋಡಿದರೆ ಸಾಕು. ಯಾರನ್ನು ತೆಗೆದಾಗ ಬಾಣಗಳೆಲ್ಲ ಮುಂದಕ್ಕೆ ಹೋಗುತ್ತವೋ, ಅವನೇ. ಅಕ್ಕ ಗಡಗಡ ಬರೆದಳು. ಬರೆಯುವಾಗ ಅವಳಿಗೆ ಕೆಲಸ, ಕಂಪನಿ, ಫೋಟೋ ಯಾವುದರ ಯೋಚನೆಯೂ ಇರಲಿಲ್ಲ. ಮುಗಿಸಿ ತಿರುಗಿದಾಗ ಮುಖದಲ್ಲಿ ನಗು ತಾನಾಗಿಯೇ ಬಂದಿತ್ತು. ಇಂಥ ಸುಖ ಇತ್ತೆಂಬುದೇ ಅವಳಿಗೆ ಮರೆತುಹೋಗಿತ್ತು.

"ಉತ್ತರ ಸರಿ ಇದೆ," ಎಂದಳು ಸ್ವೆಟರಿನವಳು. ಬೋರ್ಡನ್ನು ನಿಧಾನವಾಗಿ ನೋಡಿದಳು. "ತುಂಬಾ ಸರಿ ಇದೆ. ನನ್ನ ಲೆಕ್ಕ ಯಾವಾಗ ಹೊರಗೆ ಹೋಯ್ತು ಅಂತ ಯೋಚಿಸ್ತಾ ಇದೀನಿ. ಎಡವಿದ್ದು ಮಾತ್ರ ಈ ಸಲ ಇನ್ನೂ ಚೆನ್ನಾಗಿತ್ತು. ಆ ಕೈಯಲ್ಲಿ ಒರೆಸಿದ್ದು."

"ಅದು ನಿಜವಾಗ್ಲೂ ಎಡವಿದ್ದು," ಎಂದಳು ಅಕ್ಕ.

"ಇರಬಹುದು. ನಂಗೆ ಹೇಗೆ ಗೊತ್ತಾಗ್ಬೇಕು ಹೇಳಿ."

ಗೊತ್ತಿದ್ದವನು ಕೋಣೆಯಲ್ಲಿ ಒಬ್ಬನಿದ್ದ. ಅಕ್ಕನ ನಟನೆ ಯಾವುದು, ನಿಜ ಯಾವುದು ಎಂದು ವರ್ಷವಿಡೀ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದವನು. ಅಕ್ಕ ನೀಲಿ ಕೈಯನ್ನು ಹಾಗೇ ಹಿಡಿದುಕೊಂಡು ಅವನ ಕಡೆ ನೋಡಿದಳು. ಅವನು ಗಡಿಯಾರ ನೋಡಿದ.

"ಟೈಮ್ ಆಯ್ತು ಮೇಡಂ," ಎಂದ. ಯಾವ ಮೇಡಂಗೆ ಹೇಳಿದ ಎಂದು ತಿಳಿಯಲಿಲ್ಲ.

ಉಳಿದ ಸುತ್ತುಗಳು ನಡೆಯಲಿಲ್ಲ. ನೇಮಕದ ಹುಡುಗಿ ಅದೇ ನಗುಮುಖದಲ್ಲಿ ಬಂದು, "ಇವತ್ತಿಗೆ ಇಷ್ಟು ಸಾಕಂತೆ ಮೇಡಂ, ನಿಮ್ಮ ಸಮಯಕ್ಕೆ ತುಂಬಾ ಥ್ಯಾಂಕ್ಸ್," ಎಂದು ಎದೆಯ ಚೀಟಿ ವಾಪಸು ಪಡೆದು, ಕಂಪನಿಯ ಗುರುತಿರುವ ಒಂದು ನೀರಿನ ಬಾಟಲಿ ಕೈಗಿತ್ತಳು. ಎರಡು ದಿನದ ನಂತರ ಫೋನ್ ಮಾಡಿದವಳೂ ಅವಳೇ. ಇನ್ನು ಮುಂದೆ ಈ ಕಂಪನಿಗೆ ಯಾವತ್ತೂ ಅರ್ಜಿ ಹಾಕುವ ಹಾಗಿಲ್ಲ ಎಂಬುದನ್ನು, ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುವ ದನಿಯಲ್ಲಿ ಹೇಳಿದಳು.

"ಏನಾಯ್ತು?" ಎಂದು ಕೇಳಿದ ಗಂಡ.

"ಆಗಲಿಲ್ಲ."

ಅವನು ಬಹಳ ಹೊತ್ತು ಒಂದು ಫ್ರೇಮಿನ ಕಾಲು ಮಡಿಚಿ ಬಿಡಿಸಿ ಮಾಡಿದ. "ಹೋಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದ ಕೊನೆಗೆ. ಅವನ ಮಟ್ಟಿಗೆ ಅದು ಸಮಾಧಾನದ ಮಾತು.

ಅತ್ತೆ ಬಾಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಮಾತಾಡೋಕೆ ಕರೆದು ಇದು ಕೊಟ್ಟು ಕಳಿಸಿದ್ರಾ? ಮುಚ್ಚಳ ಗಟ್ಟಿ ಇದೆ," ಎಂದು ತನ್ನ ಮಂಚದ ಪಕ್ಕ ಇಟ್ಟುಕೊಂಡಳು.

ಇಲಿ ಕ್ಲಾಸಿಗೆ ಬಂದದ್ದು ಅದಾದ ಮುಂದಿನ ವಾರ, ಮಧ್ಯಾಹ್ನ ಕೋಣೆ ಖಾಲಿ ಇದ್ದಾಗ. ಮೆಟ್ಟಿಲಿನ ಸದ್ದು ಕೇಳಿ ಯಾರೋ ಹೊಸಬರು ಸೇರಲು ಬಂದರೆಂದು ಅಕ್ಕ ಎದ್ದಳು. ಅವನು ಬಾಗಿಲಲ್ಲೇ ನಿಂತ.

"ಕೂತ್ಕೋ," ಎಂದಳು.

"ಕೂರೋಕೆ ಬಂದಿಲ್ಲ ಅಕ್ಕ. ನನ್ನ ಫೋಟೋ ತೆಗೆದು ಕೊಡಿ."

"ಯಾಕೆ?" ಎಂದಳು ಅಕ್ಕ.

"ಯಾರು ಎಲ್ಲಿ ಕಲಿತ್ರು ಅಂತ ಅಲ್ಲಿ ವಿಚಾರಿಸ್ತಾ ಇದಾರೆ," ಎಂದ. "ಯಾರಾದ್ರೂ ಇಲ್ಲಿಗೆ ಬಂದು ಈ ಗೋಡೆ ನೋಡಿದ್ರೆ ನಮ್ಮ ಕತೆ ಮುಗೀತು."

"ಎರಡನೇ ಲೆಕ್ಕಕ್ಕೆ ನಾನು ನಟನೆ ಮಾಡಲಿಲ್ಲ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಬಾಯಿ ಬಿಡಲಿಲ್ಲ."

"ಬಿಟ್ಟಿದ್ರೆ, ಅದು ನಿನಗೆ ಹೇಗೆ ಗೊತ್ತು ಅಂತ ಅವರು ನನ್ನನ್ನೇ ಕೇಳ್ತಿದ್ರು." ಅವನು ಗೋಡೆಯ ಕಡೆ ನೋಡುತ್ತಲೇ ಮಾತಾಡಿದ. "ಅವರು ನನ್ನನ್ನ ಹೊಗಳಿದ್ರು ಅಕ್ಕ. ಚೆನ್ನಾಗಿ ಪತ್ತೆ ಹಚ್ಚಿದೆ ಅಂದ್ರು. ಇಂಥವರನ್ನ ಹಿಡಿಯೋದು ಹೇಗೆ ಅಂತ ಉಳಿದವರಿಗೆ ಹೇಳಿಕೊಡು ಅಂದಿದಾರೆ."

"ಒಳ್ಳೇದು ಇಲಿ. ನೀನೂ ಮೇಷ್ಟ್ರಾದೆ."

ಅವನು ಈಗ ತಿರುಗಿದ. "ಒಂದು ವರ್ಷ ಇಲಿ ಅಂತ ಕರೆದ್ರಿ. ಎಲ್ಲರ ಮುಂದೆ. ನಮ್ಮಮ್ಮ ಒಂದು ದಿನ ಛತ್ರಿ ಕೊಡೋಕೆ ಬಂದಾಗ್ಲೂ ಅವರ ಮುಂದೆ ಹಾಗೇ ಕರೆದ್ರಿ. ಅವರೂ ನಕ್ಕರು, ಏನು ಮಾಡ್ತಾರೆ. ನಾನು ನಿಮಗೆ ಏನಾದ್ರೂ ಅಂದ್ನಾ?"

"ಇಲ್ಲ."

"ಫೋಟೋ ಕೊಡಿ."

ಅಕ್ಕ ಕುರ್ಚಿ ಎಳೆದು, ಹತ್ತಿ, ಫೋಟೋ ಬಿಡಿಸಿದಳು. ಹಿಂದಿನ ಅಂಟಿಗೆ ಗೋಡೆಯ ಬಣ್ಣ ಒಂದಿಷ್ಟು ಕಿತ್ತು ಬಂತು. ಕೊಡುವ ಮೊದಲು ಅವನ ಕೊರಳಿನ ಕಾರ್ಡಿನಲ್ಲಿದ್ದ ಹೆಸರನ್ನು ಕಣ್ಣು ಕಿರಿದು ಮಾಡಿ ಓದಿದಳು. ಚೆಂದದ ಹೆಸರು. ಆ ಹೆಸರಿನಿಂದ ಅವನನ್ನು ಒಂದು ಸಲವೂ ಕರೆದ ನೆನಪಿರಲಿಲ್ಲ. ಈಗ ಕರೆಯೋಣವೆಂದು ತಲೆಯೆತ್ತುವಷ್ಟರಲ್ಲಿ ಅವನು ಫೋಟೋ ಕಿತ್ತುಕೊಂಡು ಅರ್ಧ ಮೆಟ್ಟಿಲು ಇಳಿದಾಗಿತ್ತು.

ಅವನ ಹಿಂದೆ ಉಳಿದವರೂ ಫೋಟೋ ತೆಗೆಸತೊಡಗಿದರು. ಕೆಲವರು ಬಂದರು, ಕೆಲವರು ಫೋನ್ ಮಾಡಿ ಹೇಳಿದರು. ಚಿಕ್ಕಪ್ಪನ ಮಗ ಮಾತ್ರ ಹೆಂಡತಿಯ ಕೈಲಿ ಹೇಳಿಸಿದ: "ಅತ್ತಿಗೆ, ಇವರು ಕೆಲಸದ ಮೇಲಿದಾರೆ, ಬೇಜಾರು ಮಾಡ್ಕೋಬೇಡಿ, ಫೋಟೋ ಹರಿದು ಹಾಕ್ಬಿಡಿ." ಅಕ್ಕ ಅದನ್ನೂ ಬಿಡಿಸಿದಳು. ಗೋಡೆಯ ತುಂಬ ಫೋಟೋ ಇದ್ದ ಜಾಗಗಳು ಚೌಕಚೌಕವಾಗಿ ಬೆಳ್ಳಗೆ ಉಳಿದವು. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳು ಆ ಚೌಕಗಳನ್ನು ನೋಡಿ, ಆಮೇಲೆ ಹೇಳ್ತೀವಿ ಎಂದು ಇಳಿದು ಹೋಗುತ್ತಿದ್ದರು. ಕುರ್ಚಿಗಳು ಒಂದರ ಮೇಲೊಂದು ಮೂಲೆ ಸೇರಿದವು. ಅವತ್ತು ಪ್ರಶ್ನೆ ಕೇಳಿದ ತಂದೆಯ ಮಗಳು, ಇನ್ನೊಂದಿಬ್ಬರು ಉಳಿದರು.

ಕೆಲವು ದಿನ ಅಕ್ಕ ಅವರಿಗೆ ಏನೂ ಕಲಿಸಲಿಲ್ಲ. ಲೆಕ್ಕ ಬೋರ್ಡಿನ ಮೇಲೆ ಬರೆದು ಕಿಟಕಿಯ ಬಳಿ ಕೂರುತ್ತಿದ್ದಳು. ಬೈಗುಳವಿಲ್ಲದ ಅಕ್ಕನನ್ನು ಕಂಡು ಆ ಮಕ್ಕಳಿಗೆ ಇನ್ನಷ್ಟು ಭಯವಾಯಿತು. ಆಮೇಲೆ ಒಂದು ಬೆಳಿಗ್ಗೆ ಬಂದವಳೇ ಕುರ್ಚಿ ಎಳೆದು ಕೂತು, ತನ್ನ ತಪ್ಪು ಎಲ್ಲಿತ್ತೆಂದು ತನಗೆ ತಿಳಿಯಿತು ಎಂದಳು. ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತರು. ಇಷ್ಟು ದಿನ ಎಲ್ಲರಿಗೂ ಒಂದೇ ಜಾಗದಲ್ಲಿ ಎಡವಲು ಕಲಿಸಿದ್ದು ತಪ್ಪು. ಇನ್ನು ಮುಂದೆ ಒಬ್ಬೊಬ್ಬರಿಗೂ ಬೇರೆ ಬೇರೆ ಎಡವು, ಬೇರೆ ಬೇರೆ ಮಾತು. ಹಣೆ ಯಾರೂ ಮುಟ್ಟಿಕೊಳ್ಳುವ ಹಾಗಿಲ್ಲ.

ಹೊಸ ಲೆಕ್ಕವೊಂದು ಬಂದಿದೆ ಎಂದು ಕಾವಲುಗಾರರ ಲೆಕ್ಕ ಹೇಳಿದಳು. ಎಲ್ಲಿಂದ ಬಂತೆಂದು ಹೇಳಲಿಲ್ಲ. ಚುಕ್ಕಿ ಇಟ್ಟು, ಬಾಣ ಎಳೆದು ತೋರಿಸಿದಳು. "ಇಲ್ಲಿ ಎಡವಬೇಕು. ಕೊನೇ ಬಾಣದವನೇ ಸುಳ್ಳುಗಾರ ಅಂತ ಬರೀರಿ. ಆಮೇಲೆ ಬೇರೆ ಕಡೆಯಿಂದ ನೋಡಿ. 'ಇಲ್ಲ ಇಲ್ಲ' ಅನ್ನಿ, ಜೋರಾಗಿ ಬೇಡ, ನಿಮಗೆ ನೀವೇ ಹೇಳ್ಕೊಂಡ ಹಾಗೆ." ಅಂಗೈಯಿಂದ ಬೋರ್ಡು ಒರೆಸಿದಳು. ಹತ್ತಿರ ಹೋಗಿ ನಿಂತಳು. ಆವತ್ತು ಎಷ್ಟು ಹತ್ತಿರ ನಿಂತಿದ್ದೆ ಎಂದು ನೆನಪು ಮಾಡಿಕೊಂಡು ಇನ್ನಷ್ಟು ಹತ್ತಿರ ಹೋದಳು. ತಿರುಗಿ ನಕ್ಕಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನು? ಹೇಳಿ," ಎಂದಳು ಅಕ್ಕ.

ಆ ತಂದೆಯ ಮಗಳು ಹಿಂಜರಿಯುತ್ತಾ ಬಾಯಿಬಿಟ್ಟಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಕೈಯಲ್ಲಿ ಒರೆಸೋದು, ಮೂಗು ತಾಗಿಸೋದು, ಆಮೇಲೆ ಆ ನಗು... ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ನಿಜವಾಗಿ ಯೋಚಿಸೋರು ಯಾರೂ ಹಾಗೆ ಮಾಡಲ್ಲ."

ಕೆಳಗೆ ಗಾಳಿಯ ಯಂತ್ರ ಶುರುವಾಯಿತು. ಅದು ನಿಲ್ಲುವಷ್ಟರಲ್ಲಿ ಅಕ್ಕ ಬೋರ್ಡಿನಲ್ಲಿ ಉಳಿದ ಬಾಣಗಳನ್ನು ಡಸ್ಟರಿನಿಂದ ಒರೆಸಿದಳು.

"ಹೌದು," ಎಂದಳು ಆಮೇಲೆ. "ನಗು ತೆಗೆಯೋಣ. ಒರೆಸೋಕೆ ಬಟ್ಟೆ ತಗೊಳ್ಳಿ." ಡಸ್ಟರನ್ನು ಅವಳ ಕೈಗೆ ಕೊಟ್ಟು, ತಾನು ಹಿಂದಿನ ಸಾಲಿಗೆ ಹೋಗಿ ಕೂತಳು. "ಬಾ, ನೀನು ಮಾಡಿ ತೋರಿಸು."

ಹುಡುಗಿ ಬೋರ್ಡಿನ ಮುಂದೆ ನಿಂತು ಬಾಯಿ ತೆರೆದಳು. ಅಕ್ಕ ಮೊಬೈಲ್ ತೆಗೆದು ನೋಡತೊಡಗಿದಳು.